ಅಣ್ಣನಿಗೆ ಬೈಪೋಲಾರ್. ಡಾಕ್ಟರ್ "ಮನೆಯವರು ಬನ್ನಿ" ಎನ್ನುತ್ತಾರೆ, ಅಣ್ಣ "ಅಪ್ಪ ಬರೋದು ಬೇಡ" ಎನ್ನುತ್ತಾನೆ

ಹೇಮಾವತಿ_ದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನ್ನ ಅಣ್ಣನಿಗೆ 33 ವರ್ಷ. ಹಾಸನ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ಗೊಬ್ಬರ, ಬಿತ್ತನೆ ಬೀಜ, ಬೆಳೆಗೆ ಹೊಡೆಯುವ ಔಷಧಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಅಪ್ಪ, ಅಮ್ಮ, ಅತ್ತಿಗೆ, ಅವರ 4 ವರ್ಷದ ಮಗಳು, ಎಲ್ಲ ಒಂದೇ ಮನೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಆರು ವರ್ಷದ ಹಿಂದೆ ಅವನು ಮೂರು ತಿಂಗಳು ಮಂಕಾಗಿ ಕೂತುಬಿಟ್ಟಿದ್ದ. ಅಂಗಡಿ ಬಾಗಿಲು ತೆಗೆಯುತ್ತಿರಲಿಲ್ಲ, ಸ್ನಾನಕ್ಕೂ ಏಳುತ್ತಿರಲಿಲ್ಲ. ಡಿಪ್ರೆಶನ್ ಎಂದು ಮಾತ್ರೆ ಕೊಟ್ಟರು. ಸರಿಹೋದ, ಮಾತ್ರೆ ಬಿಟ್ಟ, ನಾವೂ ಮರೆತೆವು.

ಈ ಸಲ ಕಾರ್ತಿಕದ ದೀಪೋತ್ಸವ, ಜಾತ್ರೆ ಸಮಯದಲ್ಲಿ ಎಲ್ಲ ಬುಡಮೇಲಾಯಿತು. ದೇವಸ್ಥಾನದ ಕೆಲಸ ಎಂದು ಮೂರು ರಾತ್ರಿ ಮಲಗಲಿಲ್ಲ. ಜಾತ್ರೆ ಮುಗಿದ ಮೇಲೂ ಮಲಗಲಿಲ್ಲ. ಸುಸ್ತೇ ಇಲ್ಲ. ಮಾತು, ಮಾತು, ಮಾತು. ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರಿಗೆ 1 ಲಕ್ಷ 80 ಸಾವಿರ ಮುಂಗಡ ಕೊಟ್ಟು ಬಂದ, ತೋಟದಲ್ಲಿ ಒಂದೇ ವಾರದಲ್ಲಿ ಎರಡು ಬೋರ್ ಹಾಕಿಸಿದ, ಅಂಗಡಿಗೆ ಬಂದವರಿಗೆಲ್ಲ ಮುಂದಿನ ಚುನಾವಣೆಗೆ ನಿಲ್ಲುತ್ತೇನೆ ಎಂದ, ತಡೆಯಲು ಹೋದ ಅಪ್ಪನ ಕಾಲರ್ ಹಿಡಿದ. ಆಮೇಲೆ 24 ದಿನ ಆಸ್ಪತ್ರೆ. ಅಲ್ಲಿ ಬೈಪೋಲಾರ್ ಎಂದು ಹೇಳಿದರು, ಅಂದರೆ ಮನಸ್ಸು ಒಮ್ಮೆ ವಿಪರೀತ ಏರುವ, ಒಮ್ಮೆ ಕುಸಿಯುವ ಕಾಯಿಲೆ. ಈಗ ಆ ಏರಿಳಿತ ತಡೆಯುವ ಲೀಥಿಯಂ ಮಾತ್ರೆ, ಜೊತೆಗೆ ರಾತ್ರಿ ಇನ್ನೊಂದು ಮಾತ್ರೆ. ಮನೆಗೆ ಬಂದು ಆರು ವಾರವಾಯಿತು.

ಈಗ ಅವನು ತಣ್ಣಗಿದ್ದಾನೆ. ಜಾಸ್ತಿಯೇ ತಣ್ಣಗಿದ್ದಾನೆ. ತಲೆ ಎತ್ತಿ ಮಾತಾಡುವುದಿಲ್ಲ. ಅಪ್ಪ ದಿನಕ್ಕೆ ಹತ್ತು ಸಲ "ಮಾತ್ರೆ ತಗೊಂಡ್ಯಾ?" ಎನ್ನುತ್ತಾರೆ, ಅದೂ ಬಂದವರ ಮುಂದೆ. ಅಮ್ಮ ಅವನ ಬಾಯಿ ತೆಗೆಸಿ ನಾಲಿಗೆ ಕೆಳಗೆ ನೋಡುತ್ತಾಳೆ. ಅತ್ತಿಗೆ ಮಗುವನ್ನು ಕರೆದುಕೊಂಡು ತಿಪಟೂರಿನ ತವರಿಗೆ ಹೋದವರು ಇನ್ನೂ ಬಂದಿಲ್ಲ. ಚಿಕ್ಕಪ್ಪ ಯಾವುದೋ ದೇವಸ್ಥಾನಕ್ಕೆ ಮೂರು ಅಮಾವಾಸ್ಯೆ ಕರೆದುಕೊಂಡು ಹೋಗಬೇಕು ಎಂದು ಹಟ ಹಿಡಿದಿದ್ದಾರೆ.

ಕಳೆದ ಸಲ ತೋರಿಸಲು ಹೋದಾಗ ಡಾಕ್ಟರ್ ನಾಲ್ಕು ನಿಮಿಷ ಮಾತಾಡಿ, "ಮುಂದಿನ ಸಲ ಮನೆಯವರೆಲ್ಲ ಬನ್ನಿ" ಎಂದರು. ಅಣ್ಣ ಹೊರಗೆ ಬಂದು ಬಸ್ಸಿನಲ್ಲಿ ಹೇಳಿದ್ದು ಇಷ್ಟೇ: "ನೀನು ಬಾ. ಅಪ್ಪ ಬಂದರೆ ನಾನು ಬರಲ್ಲ."

ನನಗೆ ತಿಳಿಯಬೇಕಾದದ್ದು: ಯಾರನ್ನು ಕರೆದುಕೊಂಡು ಹೋಗಲಿ? ಅವನಿಲ್ಲದಾಗ ನಾವು ಡಾಕ್ಟರ್ ಹತ್ತಿರ ಮಾತಾಡುವುದು ತಪ್ಪಾ? ಅತ್ತಿಗೆಯನ್ನು ಹೇಗೆ ಕೇಳಲಿ? ಇಡೀ ಮನೆ ಅವನನ್ನು ಕಾಯುತ್ತಿದೆ, ಆದರೆ ಯಾರೂ ಅವನ ಜೊತೆ ಇಲ್ಲ ಅನ್ನಿಸುತ್ತದೆ.

---

ಗಣಿತದ_ಟೀಚರ್ ಉತ್ತರಿಸಿದ್ದು:

ತಂಗಿ, ನಾನು ನಿನ್ನ ಅಣ್ಣನ ಜಾಗದಲ್ಲಿ ಇರುವವಳು. ಧಾರವಾಡದ ಕಡೆ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಬೈಪೋಲಾರ್ ಎಂದು ಗೊತ್ತಾಗಿ 11 ವರ್ಷ, ಲೀಥಿಯಂ ಶುರುವಾಗಿ 10 ವರ್ಷ.

ಮೊದಲು ಒಂದು ವಿಷಯ ಹೇಳುತ್ತೇನೆ. ಮೇನಿಯಾ, ಅಂದರೆ ಮನಸ್ಸು ವಿಪರೀತ ಏರಿದ ಸ್ಥಿತಿ, ಇಳಿದ ಮೇಲೆ ನೆನಪು ಒಂದೊಂದಾಗಿ ವಾಪಸ್ ಬರುತ್ತದೆ. ಯಾರಿಗೆ ಏನು ಅಂದೆ, ಯಾರ ಮೇಲೆ ಕೈ ಮಾಡಿದೆ, ಎಷ್ಟು ದುಡ್ಡು ಕಳೆದೆ. ಆ ನಾಚಿಕೆ ಎಂಥದ್ದು ಎಂದರೆ, ಓಣಿಯಲ್ಲಿ ಹಾಲು ತರಲು ಹೋಗುವುದಕ್ಕೂ ನಾನು ಸೆರಗು ಮುಚ್ಚಿಕೊಂಡು ಹೋಗುತ್ತಿದ್ದೆ. ಅಂಥ ಹೊತ್ತಿನಲ್ಲಿ ಮನೆಯವರು ದಿನಾ ಬಾಯಿ ತೆಗೆಸಿ ನೋಡಿದರೆ, ಮನುಷ್ಯ ಇನ್ನೂ ಒಳಗೆ ಹೋಗಿಬಿಡುತ್ತಾನೆ. ಅಮ್ಮನದು ತಪ್ಪಲ್ಲ, ಆಕೆಗೆ ಭಯ. ಆದರೂ ಅದನ್ನು ನಿಲ್ಲಿಸಿ. ಇವತ್ತೇ ನಿಲ್ಲಿಸಿ.

ನಮ್ಮ ಮನೆಯಲ್ಲಿ ಒಂದು ಕಾಲದಲ್ಲಿ ನಾನು ಜೋರಾಗಿ ನಕ್ಕರೆ ಅವ್ವ ಅಡುಗೆಮನೆಯಿಂದ ಇಣುಕುತ್ತಿದ್ದಳು. ಖುಷಿಗೂ ಲೆಕ್ಕ, ಸಿಟ್ಟಿಗೂ ಲೆಕ್ಕ. ಸ್ವಲ್ಪ ಏರಿದ ದನಿಯಲ್ಲಿ ಮಾತಾಡಿದರೆ "ಮತ್ತೆ ಶುರುವಾಯ್ತೇನು?" ಎನ್ನುವ ಮಾತು. ಆ ಮಾತು ಕೇಳಿ ಕೇಳಿ ನಾನು ನಿಜವಾಗಿ ಏರುತ್ತಿದ್ದಾಗಲೂ ಯಾರಿಗೂ ಹೇಳುವುದನ್ನೇ ಬಿಟ್ಟೆ.

ಬದಲಾದದ್ದು ಒಂದು ಹಾಳೆಯಿಂದ. ನಾನು ಚೆನ್ನಾಗಿದ್ದ ಒಂದು ಭಾನುವಾರ ನನ್ನ ಯಜಮಾನರು, ನನ್ನ ತಂಗಿ, ನಾನು ಮೂವರೇ ಕೂತು ನನ್ನ ಕೈಯಿಂದಲೇ ಬರೆದೆವು. ನನಗೆ ಏರುವ ಮೊದಲು ಏನೇನಾಗುತ್ತದೆ? ಸತತ ಎರಡು ರಾತ್ರಿ 4 ಗಂಟೆಗಿಂತ ಕಡಿಮೆ ನಿದ್ದೆ, ಆದರೂ ಬೆಳಿಗ್ಗೆ ಸುಸ್ತಿಲ್ಲ. ರಾತ್ರಿ 11ರ ಮೇಲೆ ಹಳೆಯ ಗೆಳತಿಯರಿಗೆ ಫೋನು. ಕಪಾಟು ಖಾಲಿ ಮಾಡಿ ಮತ್ತೆ ಜೋಡಿಸುವುದು. ಸೀರೆ. (ಒಂದು ಸಲ ಉದ್ರಿಯಲ್ಲಿ ಒಟ್ಟಿಗೆ 11 ಇಳಕಲ್ ಸೀರೆ ತಂದಿದ್ದೆ.) ಇಳಿಯುವ ಮೊದಲು ಏನಾಗುತ್ತದೆ? ತಲೆ ಬಾಚುವುದಿಲ್ಲ, ಉತ್ತರಪತ್ರಿಕೆಗಳ ಕಟ್ಟು ಹಾಗೇ ಉಳಿಯುತ್ತದೆ. ಇದು ಎಲ್ಲರಿಗೂ ಒಂದೇ ಅಲ್ಲ. ನಿನ್ನ ಅಣ್ಣನ ಪಟ್ಟಿ ಬೇರೆ ಇರುತ್ತದೆ, ಅದನ್ನು ಅವನೇ ಹೇಳಬೇಕು, ನೀವು ನೋಡಿದ್ದನ್ನು ಸೇರಿಸಬೇಕು.

ಆಮೇಲೆ ಬರೆದದ್ದು, ನನಗೆ ಹೇಳುವ ಹಕ್ಕು ಯಾರಿಗೆ ಎಂದು. ಇಬ್ಬರಿಗೆ ಮಾತ್ರ. ಅತ್ತೆಗೆ ಇಲ್ಲ, ಮೈದುನನಿಗೆ ಇಲ್ಲ, ಅವ್ವನಿಗೂ ಇಲ್ಲ. ಹೇಗೆ ಹೇಳಬೇಕು ಎಂಬುದನ್ನೂ ಬರೆದೆ: "ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ?" ಅಷ್ಟೇ. ಆ ಪ್ರಶ್ನೆ ಬಂದರೆ ನಾನು ವಾದ ಮಾಡುವುದಿಲ್ಲ ಎಂದು ನಾನೇ ಸಹಿ ಹಾಕಿದ್ದೇನೆ. ಎರಡನೇ ರಾತ್ರಿಯೂ ಹಾಗೇ ಆದರೆ ಡಾಕ್ಟರಿಗೆ ಫೋನು ಮಾಡುತ್ತೇವೆ, ಎಟಿಎಂ ಕಾರ್ಡು ಯಜಮಾನರ ಹತ್ತಿರ, ಫೋನ್‌ಪೇಯಲ್ಲಿ ದಿನಕ್ಕೆ 2000ದ ಮಿತಿ. ಇದನ್ನೆಲ್ಲ ಏರಿದ ಮೇಲೆ ಮಾಡಲು ಹೋದರೆ ಯುದ್ಧ. ಚೆನ್ನಾಗಿದ್ದಾಗ ಮಾತಾಡಿಕೊಂಡರೆ ಅದು ನನ್ನದೇ ತೀರ್ಮಾನ. ಈ 10 ವರ್ಷದಲ್ಲಿ ಎರಡು ಸಲ ಆ ಹಾಳೆ ಕೆಲಸಕ್ಕೆ ಬಂದಿದೆ, ಎರಡೂ ಸಲ ಅಡ್ಮಿಟ್ ಆಗುವಷ್ಟು ಹೋಗಲಿಲ್ಲ.

ಹಾಗಾಗಿ ಯಾರು ಬರಬೇಕು ಎಂದು ನಿನ್ನ ಅಣ್ಣ ಹೇಳಿದ್ದಾನಲ್ಲ, ಅಲ್ಲಿಂದಲೇ ಶುರು ಮಾಡು. ಅವನು ಯಾರೂ ಬೇಡ ಎಂದಿಲ್ಲ, ನೀನು ಬಾ ಎಂದಿದ್ದಾನೆ. ಅದು ದೊಡ್ಡದು.

---

ಮೈಸೂರು_ಡಿಪೋ ಉತ್ತರಿಸಿದ್ದು:

ಅಮ್ಮಾ, ನಾನು ರಿಟೈರ್ಡ್ ಬಸ್ ಡ್ರೈವರ್. ನನ್ನ ಮಗನಿಗೆ ಇದೇ ಕಾಯಿಲೆ, 14 ವರ್ಷವಾಯಿತು. ನಿಮ್ಮ ಮನೆಯ ಅಪ್ಪ ಇದ್ದಾರಲ್ಲ, ನಾನು ಅವರೇ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಎರಡು ವರ್ಷ ನಾನು ಇದನ್ನು ಸೊಕ್ಕು ಎಂದುಕೊಂಡೆ. ಬೈದೆ. ಒಂದು ಸಲ ಬೆಲ್ಟು ತೆಗೆದೆ, ಅದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಹೆಣ್ಣು ನೋಡಲೂ ಹೋಗಿದ್ದೆ, ಆ ಹುಡುಗಿಯ ಪುಣ್ಯ, ನಮ್ಮ ಯಜಮಾನತಿ ಅಡ್ಡ ನಿಂತಳು.

ಒಂದು ಬೇಸಿಗೆಯಲ್ಲಿ ಮಗನಿಗೆ ಭೇದಿ ಶುರುವಾಯಿತು. ಮಂಡಿನೋವು ಬೇರೆ ಇತ್ತು, ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ತಂದುಕೊಟ್ಟವನು ನಾನೇ. ಮೂರನೇ ದಿನ ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ, ನಡೆದರೆ ತೂರಾಡುತ್ತಾನೆ. ಕುಡಿದು ಬಂದಿದ್ದಾನೆ ಎಂದು ಬಾಗಿಲಲ್ಲೇ ನಿಲ್ಲಿಸಿ ಬೈದೆ. ಕುಡಿದಿರಲಿಲ್ಲ. ಲೀಥಿಯಂ ರಕ್ತದಲ್ಲಿ ಏರಿಬಿಟ್ಟಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನು ಕೂರಿಸಿ ತಿಳಿಸಿದರು. ಈ ಮಾತ್ರೆ ದೇಹದಲ್ಲಿ ಉಪ್ಪಿನ ಹಾಗೆ ನಡೆದುಕೊಳ್ಳುತ್ತದೆ, ಮೂತ್ರಪಿಂಡದಿಂದ ಹೊರಗೆ ಹೋಗಬೇಕು. ಭೇದಿ, ವಾಂತಿ, ವಿಪರೀತ ಬೆವರು, ಊಟದಲ್ಲಿ ಉಪ್ಪು ಒಮ್ಮೆಲೇ ಬಿಡುವುದು, ನೀರು ಕುಡಿಯದ ಉಪವಾಸ, ಇವೆಲ್ಲದರಲ್ಲಿ ಅದು ಹೊರಗೆ ಹೋಗದೆ ಒಳಗೇ ಸೇರುತ್ತದೆ. ಐಬುಪ್ರೊಫೇನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳೂ ಹಾಗೇ ಮಾಡುತ್ತವೆ. ಬಿಪಿಯ ಕೆಲವು ಮಾತ್ರೆಗಳೂ ಅಷ್ಟೇ. ಅದಕ್ಕೇ ಬೇರೆ ಯಾವ ಡಾಕ್ಟರ್ ಹತ್ತಿರ ಹೋದರೂ ಲೀಥಿಯಂ ತಗೊಳ್ಳುತ್ತಿದ್ದಾನೆ ಎಂದು ಮೊದಲು ಹೇಳಬೇಕು. ಕೈ ಜಾಸ್ತಿ ನಡುಗಿದರೆ, ತೂರಾಡಿದರೆ, ವಾಂತಿ ಭೇದಿ ನಿಲ್ಲದಿದ್ದರೆ ನಾಳೆ ನೋಡೋಣ ಅನ್ನಬಾರದು, ಅವತ್ತೇ ಆಸ್ಪತ್ರೆ.

ಅವತ್ತು ನನಗೆ ಹೊಳೆದದ್ದು, ಇದು ಸೊಕ್ಕಲ್ಲ, ರಕ್ತದಲ್ಲಿ ಅಳೆಯುವ ವಿಷಯ ಎಂದು. ಇಂಜಿನ್ ಟೆಂಪರೇಚರ್ ಮುಳ್ಳಿನ ಹಾಗೆ ಇದಕ್ಕೂ ಒಂದು ಅಂಕಿ ಇದೆ. ನಮ್ಮ ಡಾಕ್ಟರ್ 0.6ರಿಂದ 1.0ರ ನಡುವೆ ಇರಲಿ ಎನ್ನುತ್ತಾರೆ. ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು, ಹೆಚ್ಚುಕಡಿಮೆ ಆದರೆ ಅಂಕಿ ತಪ್ಪು ಬರುತ್ತದೆ. ಆರು ತಿಂಗಳಿಗೊಮ್ಮೆ ಥೈರಾಯ್ಡ್, ಕಿಡ್ನಿ ಪರೀಕ್ಷೆ.

ಈಗ ಆ ಲೆಕ್ಕ ಎಲ್ಲ ನನ್ನದು. ತಾರೀಕು ನಾನು ಬರೆದಿಡುತ್ತೇನೆ, ಲ್ಯಾಬಿಗೆ ಜೊತೆಗೆ ಹೋಗುತ್ತೇನೆ, ಬರುವಾಗ ಇಬ್ಬರೂ ಮಸಾಲೆದೋಸೆ ತಿಂದು ಬರುತ್ತೇವೆ. ಮಾತ್ರೆ ತಗೊಂಡ್ಯಾ ಎಂದು ಕೇಳುವುದಿಲ್ಲ. ವಾರದ ಡಬ್ಬಿ ಇದೆ, ಏಳು ಖಾನೆ, ಭಾನುವಾರ ಅವನೇ ತುಂಬುತ್ತಾನೆ.

ನಿಮ್ಮ ಅಪ್ಪನಿಗೂ ಒಂದು ಕೆಲಸ ಕೊಡಿ. ಕೈಯಲ್ಲಿ ಕೆಲಸ ಇಲ್ಲದ ಭಯವೇ ನಮ್ಮಂಥವರ ಬಾಯಲ್ಲಿ ಬೈಗುಳ ಆಗುವುದು. ಮಗ ಒಪ್ಪಿದ ದಿನ ಆಸ್ಪತ್ರೆಗೆ ಬರಲಿ, ಅಲ್ಲಿಯವರೆಗೆ ಬೇಡ.

---

ಸುಮ್ನೆ_ಓದುವವ ಉತ್ತರಿಸಿದ್ದು:

ನನ್ನ ತಮ್ಮ ಮಾತ್ರೆ ಮುಟ್ಟುವುದೇ ಇಲ್ಲ. ಕಾಯಿಲೆ ಇರೋದು ನಿಮಗೆ ಎನ್ನುತ್ತಾನೆ. ಬೇರೆ ದಾರಿ ಇಲ್ಲದೆ ಐದು ತಿಂಗಳಿಂದ ಸಾರಿನಲ್ಲಿ ಪುಡಿ ಮಾಡಿ ಕಲಸುತ್ತಿದ್ದೇವೆ. ಶಾಂತವಾಗಿದ್ದಾನೆ. ನಿಮ್ಮ ಅಣ್ಣ ಬಿಟ್ಟರೆ ಹೀಗೂ ಮಾಡಬಹುದು. ತಪ್ಪು ಎನ್ನುವವರು ಒಂದು ರಾತ್ರಿ ನಮ್ಮ ಮನೆಯಲ್ಲಿ ಇದ್ದು ನೋಡಲಿ.

---

ಮನೆ_ಭೇಟಿ ಉತ್ತರಿಸಿದ್ದು:

ನಾನು ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ಮನೆಯವರ ಜೊತೆ ಮಾತಾಡುವುದೇ ನನ್ನ ಕೆಲಸ.

ಹೇಮಾವತಿ, ಮೊದಲು ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಎರಡು ಮಾತು. ಅಣ್ಣ "ಜಾಸ್ತಿಯೇ ತಣ್ಣಗಿದ್ದಾನೆ". ಮತ್ತೆ ಅಂಗಡಿಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದೆ. ಮೇನಿಯಾ ಇಳಿದ ಮೇಲೆ ಸಾಲ, ನಾಚಿಕೆ, ಹೆಂಡತಿ ಮಗು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಡಿಪ್ರೆಶನ್ ಬಂದರೆ ಅದು ಬಹಳ ಅಪಾಯದ ಕಾಲ. ಅಪಾಯಿಂಟ್‌ಮೆಂಟ್ ವರೆಗೆ ಕಾಯಬೇಡಿ. ಅವನು ನಂಬುವವರು ನೀವು, ನೀವೇ ನೇರವಾಗಿ ಕೇಳಿ: "ಅಣ್ಣ, ಬದುಕೇ ಬೇಡ ಅನ್ನಿಸುತ್ತಿದೆಯಾ?" ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೇಳಿಕೊಳ್ಳಲು ಜಾಗ ಸಿಗುತ್ತದೆ. ಔಷಧಿ ಗೋಡೌನಿನ ಕೀಲಿ ಸದ್ಯಕ್ಕೆ ಬೇರೆಯವರ ಹತ್ತಿರ ಇರಲಿ, ಮಾತ್ರೆಯೂ ಒಂದು ವಾರಕ್ಕಾಗುವಷ್ಟೇ ಮನೆಯಲ್ಲಿರಲಿ. ಹೌದು ಎಂದರೆ ಒಬ್ಬನನ್ನೇ ಬಿಡಬೇಡಿ, ಅವತ್ತೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 14416 ಟೆಲಿಮನಸ್ ಸಹಾಯವಾಣಿ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮನೆಯವರೂ ಮಾಡಬಹುದು.

ಈಗ ನಿಮ್ಮ ಪ್ರಶ್ನೆಗೆ. ಮನೆಯವರನ್ನು ಏಕೆ ಕರೆಯುತ್ತಾರೆ ಎಂದರೆ, ಡಾಕ್ಟರಿಗೆ ಕಾಣುವುದು ಆ ನಾಲ್ಕು ನಿಮಿಷ. ಮನಸ್ಸು ಕುಸಿದಿರುವಾಗ ಬಂದವನಿಗೆ ತಾನು ಹಿಂದೆ ಏರಿದ್ದು ಕಾಯಿಲೆ ಎಂದೇ ನೆನಪಿರುವುದಿಲ್ಲ. ಆರು ವರ್ಷದ ಹಿಂದೆ ಅವನಿಗೆ ಏರಿದ ದಿನಗಳು ಇದ್ದವಾ ಎಂದು ಯಾರಾದರೂ ನಿಮ್ಮನ್ನು ಕೇಳಿದ್ದರಾ? ಆ ಕಥೆ ಇಲ್ಲದಿದ್ದರೆ ಬರೀ ಡಿಪ್ರೆಶನ್ ಎಂದು ಓದಿ ಅದರ ಮಾತ್ರೆಯೊಂದನ್ನೇ ಕೊಡುವುದಾಗುತ್ತದೆ, ಬೈಪೋಲಾರ್ ಇರುವವರಲ್ಲಿ ಕೆಲವರಿಗೆ ಅದು ಮೇನಿಯಾಕ್ಕೆ ದಾರಿ ಮಾಡುತ್ತದೆ. ಅದಕ್ಕೇ ನೀವು ನೋಡಿದ್ದನ್ನು ತಾರೀಕು ಸಮೇತ ಬರೆದು ಒಯ್ಯಿರಿ.

ಅವನಿಲ್ಲದಾಗ ಮಾತಾಡಬಹುದಾ? ನೀವು ಡಾಕ್ಟರಿಗೆ ಹೇಳಬಹುದು, ಕೇಳಿಸಿಕೊಳ್ಳಲು ಅಡ್ಡಿಯಿಲ್ಲ. ಡಾಕ್ಟರ್ ನಿಮಗೆ ಅವನ ಗುಟ್ಟು ಹೇಳುವುದಕ್ಕೆ ಮಾತ್ರ ಮಿತಿ ಇದೆ. ಆದರೆ ಹೇಳುವ ಮೊದಲು "ನಾನು ಇದನ್ನು ಡಾಕ್ಟರಿಗೆ ಹೇಳುತ್ತೇನೆ" ಎಂದು ಅಣ್ಣನಿಗೂ ತಿಳಿಸಿ. ಬೆನ್ನ ಹಿಂದೆ ಮಾತಾಡಿದ್ದು ಗೊತ್ತಾದರೆ ಇರುವ ಒಂದು ಎಳೆಯೂ ಹೋಗುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 14ನೇ ಸೆಕ್ಷನ್ ಪ್ರಕಾರ ಅಣ್ಣ ತನ್ನ ಪ್ರತಿನಿಧಿಯನ್ನು ತಾನೇ ಆರಿಸಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಸಾಕು. 18 ತುಂಬಿದ, ಒಪ್ಪಿಗೆ ಇರುವ ಯಾರಾದರೂ ಆಗಬಹುದು, ಅಪ್ಪನೇ ಆಗಬೇಕೆಂದಿಲ್ಲ, ರಕ್ತಸಂಬಂಧಿಯೇ ಆಗಬೇಕೆಂದೂ ಇಲ್ಲ. ಬೇಡ ಅನ್ನಿಸಿದಾಗ ಬದಲಾಯಿಸಬಹುದು. ಮುಂದೆ ಅವನಿಗೆ ಒಪ್ಪಿಗೆ ಕೊಡುವ ಸ್ಥಿತಿ ಇಲ್ಲದಾಗ ಅಡ್ಮಿಟ್ ಮಾಡಬೇಕಾಗಿ ಬಂದರೆ ಅರ್ಜಿ ಹಾಕುವವರು ಆ ಪ್ರತಿನಿಧಿ. ಅದೂ ಸುಮ್ನೆ ಆಗುವುದಿಲ್ಲ, ಇಬ್ಬರು ತಜ್ಞರು ಬೇರೆ ಬೇರೆಯಾಗಿ ನೋಡಬೇಕು, ಒಂದು ಸಲಕ್ಕೆ 30 ದಿನದ ಮಿತಿ. ಗಣಿತದ ಟೀಚರ್ ಬರೆದ ಹಾಳೆ ಇದೆಯಲ್ಲ, ಅದಕ್ಕೆ ಹತ್ತಿರದ ಒಂದು ವ್ಯವಸ್ಥೆಯೂ ಈ ಕಾಯ್ದೆಯಲ್ಲಿದೆ, ಮುಂಗಡ ನಿರ್ದೇಶನ ಎನ್ನುತ್ತಾರೆ.

ಸುಮ್ನೆ ಓದುವವರೇ, ನಿಮ್ಮನ್ನು ನಾನು ಬೈಯುವುದಿಲ್ಲ. ಆ ರಾತ್ರಿಗಳನ್ನು ನಾನು ಬೇರೆ ಮನೆಗಳಲ್ಲಿ ನೋಡಿದ್ದೇನೆ. ಆದರೆ ಇದನ್ನು ನಿಲ್ಲಿಸಲೇಬೇಕು. ಕೆಲವು ಮಾತ್ರೆ ಪುಡಿ ಮಾಡುವಂಥದ್ದಲ್ಲ, ನಿಧಾನಕ್ಕೆ ಕರಗಬೇಕಾದ್ದು ಒಮ್ಮೆಲೇ ಸೇರುತ್ತದೆ. ತಮ್ಮ ಅರ್ಧ ಊಟಕ್ಕೆ ಎದ್ದರೆ ಎಷ್ಟು ಹೋಯಿತು ಎಂಬ ಲೆಕ್ಕವೇ ಇಲ್ಲ. ಅಡ್ಡಪರಿಣಾಮ ಶುರುವಾದರೆ ಏತಕ್ಕೆ ಎಂದು ಅವನಿಗೆ ಗೊತ್ತಿರುವುದಿಲ್ಲ. ಗೊತ್ತಾದ ದಿನ ಅಮ್ಮನ ಕೈಯ ಅನ್ನವನ್ನೇ ಬಿಡುತ್ತಾನೆ, "ನನಗೆ ವಿಷ ಹಾಕುತ್ತಿದ್ದಾರೆ" ಎನ್ನುವವನಿಗೆ ನಾವೇ ಸಾಕ್ಷಿ ಒದಗಿಸಿದ ಹಾಗೆ. ಅವನು ಬರದಿದ್ದರೂ ನೀವು ಹೋಗಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ಕಿಗೆ ಮನೋವೈದ್ಯರು ಯಾವಾಗ ಬರುತ್ತಾರೆ ಕೇಳಿ, ಐದು ತಿಂಗಳಲ್ಲಿ ಏನು ಕೊಟ್ಟಿರಿ ಎಂದು ಮುಚ್ಚಿಡದೆ ಹೇಳಿ. ಏಕಾಏಕಿ ನೀವಾಗಿ ನಿಲ್ಲಿಸಿದರೂ ತೊಂದರೆ, ಅದಕ್ಕೇ ಮೊದಲು ಡಾಕ್ಟರು.

ಕೊನೆಗೊಂದು ಮಾತು. ಮನೆಯವರನ್ನು ಚಿಕಿತ್ಸೆಗೆ ಸೇರಿಸುವುದು ನಮಗೆ ಹೊರಗಿನಿಂದ ಬಂದದ್ದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಅವರ ಮನೆಯವರನ್ನೂ ಇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬದ ಚಿಕಿತ್ಸೆಗೆಂದೇ ಬೇರೆ ವಿಭಾಗ ಇದೆ. ಟೀಕೆ, ಸಿಡುಕು, ಅತಿ ಕಾವಲು ಜಾಸ್ತಿ ಇರುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ ಎಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ನಿಮ್ಮ ಅಪ್ಪ ಅಮ್ಮನಿಂದ ಕಾಯಿಲೆ ಬಂತು ಎಂದು ಇದರ ಅರ್ಥವಲ್ಲ, ಹಾಗೆ ಯಾರಾದರೂ ಹೇಳಿದರೆ ಒಪ್ಪಬೇಡಿ. ಮಾತಾಡುವ ರೀತಿ ಕಲಿಯಬಹುದಾದದ್ದು, ಅಷ್ಟೇ.

---

ತವರಿಂದ_ಬಂದವಳು ಉತ್ತರಿಸಿದ್ದು:

ನಾನು ನಿಮ್ಮ ಅತ್ತಿಗೆಯ ಹಾಗೆ ಎಂಟು ತಿಂಗಳು ತವರಿನಲ್ಲಿದ್ದೆ. ಎಲ್ಲರೂ ಬಂದು ಕೇಳಿದ್ದು ಒಂದೇ, "ಯಾವಾಗ ಬರ್ತೀಯಾ?" ನೀನು ಹೇಗಿದ್ದೀಯಾ ಎಂದು ಒಬ್ಬರೂ ಕೇಳಲಿಲ್ಲ. ನನ್ನ ಗಂಡನಿಗೆ ಏರಿದ್ದಾಗ ರಾತ್ರಿ ಎರಡು ಗಂಟೆಗೆ ಮಗುವನ್ನು ಎತ್ತಿಕೊಂಡು ಪಕ್ಕದ ಮನೆಗೆ ಓಡಿದವಳು ನಾನು. ಆ ಭಯ ಮೈಯಲ್ಲಿ ಇರುತ್ತದೆ, ಕಾಯಿಲೆ ಎಂದು ಗೊತ್ತಾದ ತಕ್ಷಣ ಹೋಗುವುದಿಲ್ಲ.

ನನ್ನ ಸಿಟ್ಟು ಗಂಡನ ಮೇಲಿಗಿಂತ ಮನೆಯವರ ಮೇಲೆ ಇತ್ತು. ಮದುವೆಗೆ ಮೊದಲು ಒಂದು ಸಲ ಹೀಗಾಗಿತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ. ನಿಮ್ಮ ಅತ್ತಿಗೆಗೆ ಆರು ವರ್ಷದ ಹಿಂದಿನದು ಗೊತ್ತಾ? ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಒಪ್ಪಿಕೊಂಡು ಕ್ಷಮೆ ಕೇಳಿ. ಟ್ರ್ಯಾಕ್ಟರ್, ಬೋರು, ಸಾಲ ಎಲ್ಲ ಎಷ್ಟೆಷ್ಟು ಎಂದು ಕಾಗದದ ಮೇಲೆ ಬರೆದು ತೋರಿಸಿ. ಮನೆಗೆ ಬನ್ನಿ ಅನ್ನಬೇಡಿ. "ಡಾಕ್ಟರ್ ಹತ್ತಿರ ಒಂದು ಸಲ ಬನ್ನಿ, ನಿಮ್ಮ ಪ್ರಶ್ನೆ ನೀವೇ ಕೇಳಿ, ಅಲ್ಲಿಂದ ತಿಪಟೂರಿಗೇ ವಾಪಸ್ ಹೋಗಿ" ಎನ್ನಿ. ನನ್ನ ನಾದಿನಿ ಹಾಗೆ ಹೇಳಿದ್ದಕ್ಕೇ ನಾನು ಹೋದದ್ದು.

ಮಗುವಿಗೂ ಏನಾದರೂ ಹೇಳಬೇಕು. ನಾವು "ಅಪ್ಪನಿಗೆ ನಿದ್ದೆ ಬಾರದ ಕಾಯಿಲೆ ಬಂದಿತ್ತು, ಮಾತ್ರೆ ಕೊಡುತ್ತಿದ್ದಾರೆ, ಇದು ನೀನು ಮಾಡಿದ್ದರಿಂದ ಆಗಿದ್ದಲ್ಲ" ಎಂದೆವು. ಕೊನೆಯ ಮಾತು ಕೇಳಿ ನಮ್ಮ ಹುಡುಗ ಅತ್ತ. ಅವನು ಅಷ್ಟು ದಿನ ತನ್ನಿಂದಲೇ ಎಂದುಕೊಂಡಿದ್ದ.

---

ಹೇಮಾವತಿ_ದಂಡೆ ಬರೆದದ್ದು, 19 ದಿನದ ಮೇಲೆ:

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಿಲ್ಲ. ಏನಾಯಿತು ಎಂದು ಬರೆಯುತ್ತೇನೆ.

ಮನೆ ಭೇಟಿ ಮೇಡಂ ಬರೆದದ್ದನ್ನು ಓದಿದ ರಾತ್ರಿಯೇ ಹೊರಟು ಬೆಳಿಗ್ಗೆ ಊರಲ್ಲಿದ್ದೆ. ತೋಟಕ್ಕೆ ಕರೆದುಕೊಂಡು ಹೋಗಿ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, "ಹೂಂ, ಎರಡು ಸಲ" ಎಂದ. ಇಬ್ಬರೂ ಅಲ್ಲೇ ಕೂತು ಅತ್ತೆವು. ಅವತ್ತೇ ಆಸ್ಪತ್ರೆಗೆ ಹೋದೆವು, ಮಾತ್ರೆ ಬದಲಾಯಿಸಿದ್ದಾರೆ, ಈಗ ವಾರಕ್ಕೊಮ್ಮೆ ಬರಲು ಹೇಳಿದ್ದಾರೆ. ಗೋಡೌನಿನ ಕೀಲಿ ಅಂಗಡಿಯ ಹುಡುಗನ ಹತ್ತಿರ ಇದೆ. ಅಣ್ಣನೇ ಕೊಟ್ಟ.

ಅತ್ತಿಗೆಗೆ ಹಳೆಯದು ಗೊತ್ತಿರಲಿಲ್ಲ. ಹೇಳಿದೆ. ಫೋನು ಇಟ್ಟುಬಿಟ್ಟರು. ಎರಡು ದಿನ ಬಿಟ್ಟು ಅವರೇ ಮಾಡಿ ಎಷ್ಟು ಸಾಲ ಎಂದು ಕೇಳಿದರು. ಕಳೆದ ವಾರ ಆಸ್ಪತ್ರೆಗೆ ಬಂದು ಕಾಲು ಗಂಟೆ ಒಬ್ಬರೇ ಡಾಕ್ಟರ್ ಹತ್ತಿರ ಮಾತಾಡಿ, ಅಲ್ಲಿಂದಲೇ ತಿಪಟೂರಿಗೆ ಹೋದರು. ಅಣ್ಣ ಪ್ರತಿನಿಧಿಯ ಹಾಳೆಯಲ್ಲಿ ಸದ್ಯಕ್ಕೆ ನನ್ನ ಹೆಸರು ಬರೆದಿದ್ದಾನೆ. ಅವಳು ಬಂದ ಮೇಲೆ ಕೇಳೋಣ ಎಂದಿದ್ದಾನೆ.

ಅಪ್ಪನಿಗೆ ಮೈಸೂರು ಡಿಪೋ ಅವರ ಉತ್ತರವನ್ನು ಓದಿ ಹೇಳಿದೆ. ಬೆಲ್ಟಿನ ಜಾಗಕ್ಕೆ ಬಂದಾಗ ಎದ್ದು ಹಟ್ಟಿಗೆ ಹೋದರು. ಸಂಜೆ ಬಂದು, "ಆ ರಕ್ತ ಪರೀಕ್ಷೆ ಎಷ್ಟು ಗಂಟೆಗೆ ಅಂದೆ?" ಎಂದರು. ಅಂಗಡಿಯ ಹಳೆಯ ಡೈರಿಯಲ್ಲಿ ಬರೆದಿಟ್ಟಿದ್ದಾರೆ. ರಾತ್ರಿ 9ಕ್ಕೆ ಮಾತ್ರೆ, ಬೆಳಿಗ್ಗೆ 9ಕ್ಕೆ ಲ್ಯಾಬ್. ಈ ಗುರುವಾರ ಇಬ್ಬರೂ ಹೋಗುತ್ತಿದ್ದಾರೆ, ಅಣ್ಣ ಬೇಡ ಅನ್ನಲಿಲ್ಲ. ಅಮ್ಮ ಮಾತ್ರ ಇನ್ನೂ ಬಾಗಿಲ ಸಂದಿಯಿಂದ ನೋಡುತ್ತಾಳೆ, ಬಾಯಿ ತೆಗೆಸುವುದಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಶಿವರಾತ್ರಿ ಬರುತ್ತಿದೆ. ನಮ್ಮ ಮನೆಯಲ್ಲಿ ಎಲ್ಲರೂ ಉಪವಾಸ, ಜಾಗರಣೆ. ಅಣ್ಣನೇ ಕೇಳುತ್ತಿದ್ದಾನೆ, ಏನು ಮಾಡಲಿ ಎಂದು. ಟೀಚರ್ ಅಕ್ಕ, ನೀವು ಏನು ಮಾಡುತ್ತೀರಿ?

---

ಗಣಿತದ_ಟೀಚರ್ ಉತ್ತರಿಸಿದ್ದು:

ನಿನ್ನ ಪತ್ರವನ್ನು ಯಜಮಾನರಿಗೆ ಓದಿ ಹೇಳಿದೆ ತಂಗಿ, ಅರ್ಧಕ್ಕೇ ಗಂಟಲು ಕಟ್ಟಿತು.

ಜಾಗರಣೆ ನಾನು ಮಾಡುವುದಿಲ್ಲ. ರಾತ್ರಿಯ ನಿದ್ದೆಗೆಟ್ಟರೆ ನನಗೆ ಏರುತ್ತದೆ, ನಿನ್ನ ಅಣ್ಣನಿಗೂ ಜಾತ್ರೆಯಲ್ಲಿ ಹಾಗೇ ಆಯಿತಲ್ವಾ. ಮೊದಲ ಪೂಜೆ ಮುಗಿಸಿ 9ಕ್ಕೆ ಮಾತ್ರೆ ತಗೊಂಡು 10ಕ್ಕೆ ಮಲಗುತ್ತೇನೆ. ನೀರು ಬಿಡುವುದಿಲ್ಲ, ಹಣ್ಣು ಹಾಲು ತಿನ್ನುತ್ತೇನೆ, ಮಧ್ಯಾಹ್ನ ಉಪ್ಪು ಹಾಕಿದ ಅವಲಕ್ಕಿ. ನಿನ್ನ ಅಣ್ಣನದು ಡಾಕ್ಟರ್ ಹತ್ತಿರ ಒಂದು ಸಲ ಕೇಳಿಕೊಳ್ಳಿ. ಮೊದಲ ವರ್ಷ ನಾನೊಬ್ಬಳೇ ಮಲಗಲು ಹೋಗುವುದು ಕಷ್ಟವಾಗಿತ್ತು. ಆಗ ಅವ್ವ ಎದ್ದು, ನನಗೂ ಸೊಂಟ ನೋವು, ನಾನೂ ಮಲಗುತ್ತೇನೆ ಎಂದು ಜೊತೆಗೆ ಬಂದಳು. ಇವತ್ತಿಗೂ ಬರುತ್ತಾಳೆ. ನಿಮ್ಮಲ್ಲಿ ಯಾರು ಬರುತ್ತಾರೆ ಎಂದು ಈಗಲೇ ಮಾತಾಡಿಕೊಳ್ಳಿ.